ಎರಡೇ ನಿಮಿಷದಲ್ಲಿ 27 ಡಿಗ್ರಿ ಏರಿದ್ದು ಹೇಗೆ?

[ತೆರೆಯ ಮೇಲೆ: ಥರ್ಮಾಮೀಟರ್, ಪಕ್ಕದಲ್ಲಿ ಗಡಿಯಾರ]

ನಮಸ್ಕಾರ. 1943ರ ಜನವರಿ 22, ಬೆಳಗ್ಗೆ ಏಳೂವರೆ. ಅಮೆರಿಕದ ಸೌತ್ ಡಕೋಟಾದ ಸ್ಪಿಯರ್‌ಫಿಶ್ ಎಂಬ ಊರು. ಥರ್ಮಾಮೀಟರಿನಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್. ಎರಡು ನಿಮಿಷ ಬಿಟ್ಟು ನೋಡಿದರೆ 7 ಡಿಗ್ರಿ! ಒಂಬತ್ತು ಗಂಟೆಗೆ 12. ಅಲ್ಲಿಂದ ಅರ್ಧ ಗಂಟೆಯೊಳಗೆ ಮತ್ತೆ ಮೈನಸ್ 20. ಕಿಟಕಿ ಗಾಜುಗಳೇ ಬಿರುಕು ಬಿಟ್ಟವು.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದೆ, ಅಲ್ವಾ? ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಬೆಟ್ಟದಿಂದ ಇಳಿಯುವ ಒಣಗಾಳಿಗೂ ಇದೇ ಆಗುವುದು. ಕೆಳಗೆ ಬಂದಷ್ಟೂ ಒತ್ತಡ ಜಾಸ್ತಿ, ಹಾಗಾಗಿ ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಏರುತ್ತದೆ. ಆ ಸೀಮೆಯಲ್ಲಿ ಈ ಗಾಳಿಗೆ ಚಿನೂಕ್ ಅನ್ನುತ್ತಾರೆ. ಸ್ಪಿಯರ್‌ಫಿಶ್‌ನಲ್ಲಿ ನೆಲಕ್ಕಂಟಿ ಕೂತಿದ್ದ ತಣ್ಣನೆ ಗಾಳಿಯನ್ನು ಚಿನೂಕ್ ಪಕ್ಕಕ್ಕೆ ತಳ್ಳಿತು. ಬೀಸು ನಿಂತಿತು, ತಣ್ಣನೆಯದು ವಾಪಸ್ ಬಂತು. ಅಷ್ಟೇ.

ಹಾಗಂತ ದಾಖಲೆ ಅಂದ ಕೂಡಲೇ ನಂಬಬೇಡಿ. ಲಿಬಿಯಾದಲ್ಲಿ 1922ರಲ್ಲಿ ಬರೆದಿಟ್ಟ 58 ಡಿಗ್ರಿ, 90 ವರ್ಷ ಜಗತ್ತಿನ ಅತಿ ಹೆಚ್ಚಿನ ಉಷ್ಣಾಂಶ ಅನ್ನಿಸಿಕೊಂಡಿತ್ತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ತಳ್ಳಿಹಾಕಿತು. ಅನುಭವವಿಲ್ಲದ ಯಾರೋ ಉಪಕರಣವನ್ನು ತಪ್ಪಾಗಿ ಓದಿರಬೇಕು, ಸುಮಾರು 7 ಡಿಗ್ರಿ ಜಾಸ್ತಿ ಬರೆದಿರಬೇಕು ಅನ್ನುವುದು ತಜ್ಞರ ತೀರ್ಮಾನ.

[ತೆರೆಯ ಮೇಲೆ: ಕೆನಡಾದ ನಕ್ಷೆ]

ಈಗ ನನ್ನನ್ನು ತುಂಬಾ ಕಾಡಿದ ಘಟನೆಗೆ ಬರುತ್ತೇನೆ. ಕೆನಡಾದಲ್ಲಿ ಅತಿ ಹೆಚ್ಚಿನ ಉಷ್ಣಾಂಶದ ದಾಖಲೆ 45 ಡಿಗ್ರಿ ಇತ್ತು, 1937ರದ್ದು. ಇಂಥ ದಾಖಲೆ ಮುರಿದರೂ ಸಾಮಾನ್ಯವಾಗಿ ಕೂದಲೆಳೆಯಷ್ಟು ಅಂತರದಲ್ಲಿ. ಆದರೆ 2021ರ ಜೂನ್‌ನಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಲಿಟ್ಟನ್ ಎಂಬ ಹಳ್ಳಿ ಮೂರು ದಿನ ಸಾಲಾಗಿ ಮುರಿಯಿತು. 27ರಂದು 46.6. ಮರುದಿನ 47.9. 29ರಂದು 49.6!

ಒಂದೇ ಕಾರಣಕ್ಕೆ ಹೀಗಾಗುವುದಿಲ್ಲ. ಹೆಚ್ಚಿನ ಒತ್ತಡದ ಗಾಳಿ ಮುಚ್ಚಳದ ಹಾಗೆ ಮೇಲೆ ಕೂತಿತ್ತು. ಅದರಡಿ ಗಾಳಿ ಇಳಿಯುತ್ತಾ ಬಿಸಿಯಾಯಿತು, ನಮ್ಮ ಸೈಕಲ್ ಪಂಪಿನ ಕತೆಯೇ. ಮೋಡ ಇಲ್ಲ. ಜೂನ್ ಕೊನೆ ಅಂದರೆ ಅಲ್ಲಿ ಹಗಲು ಬಹಳ ಉದ್ದ. ನೆಲವೂ ಒಣಗಿತ್ತು. ಹಸಿ ನೆಲ ನಮ್ಮ ಮೈ ಹಾಗೆ, ಬೆವರಿ ತಂಪಾಗುತ್ತದೆ. ಒಣ ನೆಲಕ್ಕೆ ಬೆವರಲು ನೀರೇ ಇರುವುದಿಲ್ಲ, ಬಿಸಿಲೆಲ್ಲ ಗಾಳಿಯನ್ನೇ ಕಾಯಿಸುತ್ತದೆ. ಇದೆಲ್ಲ ಮೊದಲೇ ಬಿಸಿಯೇರಿದ ಭೂಮಿಯ ಮೇಲೆ ನಡೆಯಿತು. ಮನುಷ್ಯರಿಂದಾದ ತಾಪಮಾನ ಏರಿಕೆ ಇಲ್ಲದಿದ್ದರೆ ಇಷ್ಟು ಬಿಸಿ ಹೆಚ್ಚುಕಡಿಮೆ ಅಸಾಧ್ಯವಾಗಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು.

ಜೂನ್ 30ರಂದು ಬೆಂಕಿ ಬಿದ್ದು ಹಳ್ಳಿಯ ಬಹುಭಾಗ ಸುಟ್ಟುಹೋಯಿತು.

ಆ ಪ್ರಾಂತ್ಯದಲ್ಲಿ ಬಿಸಿಗೆ 619 ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ಒಂಟಿಯಾಗಿ ಇದ್ದವರು. ಬಹುತೇಕ ಎಲ್ಲರೂ ಸತ್ತಿದ್ದು ಬಿಸಿಲಿನಲ್ಲಲ್ಲ, ಮನೆಯೊಳಗೆ. ಅದಕ್ಕೇ ಕೇಳಿಕೊಳ್ಳುತ್ತೇನೆ: ನಿಮ್ಮೂರಿಗೆ ಅಭ್ಯಾಸವಿಲ್ಲದ ಸೆಕೆ ಬಂದರೆ ಹೊರಗಿನ ಅಂಕಿ ಮಾತ್ರ ನೋಡಬೇಡಿ. ರಾತ್ರಿ ಕೋಣೆ ತಣ್ಣಗಾಗುತ್ತಿದೆಯಾ ನೋಡಿ. ಪಕ್ಕದ ಮನೆಯಲ್ಲಿ ಹಿರಿಯರು ಒಬ್ಬರೇ ಇದ್ದರೆ, ದಿನಕ್ಕೆರಡು ಸಲ ಬಾಗಿಲು ತಟ್ಟಿ.