ಕಪ್ಪು ಕಿಟಕಿಯ ಒಡೆಯ ಯಾರು?

ಕೇಳುಗರಿಗೆ ನಮಸ್ಕಾರ. ವಿಂಡೋಸ್ ಗಣಕದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದಾಗ ಮೂಡುವ ಕಪ್ಪು ಕಿಟಕಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನೋಡುವುದಕ್ಕೆ ಅದಕ್ಕಿಂತ ಸರಳವಾದ ಕಿಟಕಿ ಇನ್ನೊಂದಿಲ್ಲ. ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರನ್ನು ಅದರಷ್ಟು ಸತಾಯಿಸಿದ ಕಿಟಕಿಯೂ ಇನ್ನೊಂದಿರಲಾರದು.

ವಿಂಡೋಸ್‌ನಲ್ಲಿ ಮೌಸ್ ಒತ್ತಿದರೂ, ಕಿಟಕಿಯನ್ನು ಸರಿಸಿದರೂ, ಮುಚ್ಚಿದರೂ ಆ ಕಿಟಕಿಗೆ ಒಂದೊಂದು ಸಂದೇಶ ಹೋಗುತ್ತದೆ. ಬೇರೊಂದು ಪ್ರೋಗ್ರಾಮಿನ ಕಿಟಕಿಗೆ ಹೋಗುವ ಸಂದೇಶವನ್ನು ನಡುವೆಯೇ ಹಿಡಿದು ನೋಡಲು 'ಹುಕ್' ಎಂಬ ಸೌಲಭ್ಯವಿದೆ. ನಮ್ಮ ಡಿಎಲ್‌ಎಲ್ ಕಡತವನ್ನು, ಎಂದರೆ ಬೇರೆ ಪ್ರೋಗ್ರಾಮಿನೊಳಗೆ ಸೇರಿ ಓಡಬಲ್ಲ ಕೋಡಿನ ಕಡತವನ್ನು, ವಿಂಡೋಸ್ ಆ ಪ್ರೋಗ್ರಾಮಿನ ಒಳಗೇ ಕೂರಿಸಿ, ಬಂದ ಸಂದೇಶವನ್ನು ಮೊದಲು ನಮಗೆ ತೋರಿಸುತ್ತದೆ. ಯಾವುದೇ ಕಿಟಕಿಯನ್ನು ಕಿರಿದುಮಾಡಿದಾಗ ಅದನ್ನು ಗಡಿಯಾರದ ಪಕ್ಕದ ಮೂಲೆಗೆ ಸೇರಿಸುವ ಒಂದು ಪುಟ್ಟ ತಂತ್ರಾಂಶ ಬರೆಯುತ್ತೀರಿ ಎಂದುಕೊಳ್ಳಿ. ನೋಟ್‌ಪ್ಯಾಡ್‌ನ ಮೇಲೆ ಅದು ಸಲೀಸಾಗಿ ನಡೆಯುತ್ತದೆ, ಆದರೆ ಕಪ್ಪು ಕಿಟಕಿಯಿಂದ ಒಂದು ಸಂದೇಶವೂ ಬರುವುದಿಲ್ಲ. ದೋಷಸೂಚನೆಯೂ ಇರುವುದಿಲ್ಲ, ಬರೀ ಮೌನ. ಅನುಭವವಿಲ್ಲದವರು ತಮ್ಮ ಕೋಡಿನಲ್ಲೇ ತಪ್ಪು ಹುಡುಕುತ್ತಾ ದಿನಗಟ್ಟಲೆ ಕಳೆಯುವುದು ಇಲ್ಲಿಯೇ.

ಕಾರಣವೇನೆಂದರೆ, ಆ ಕಿಟಕಿ ಅದರೊಳಗೆ ಓಡುತ್ತಿರುವ ಪ್ರೋಗ್ರಾಮಿನದೇ ಅಲ್ಲ. ಇಂದಿನ ವಿಂಡೋಸ್‌ನ ಪೂರ್ವಜವಾದ ಎನ್‌ಟಿಯ ವಂಶದಲ್ಲಿ, ವಿಂಡೋಸ್ ವಿಸ್ಟಾದವರೆಗೆ, ಈ ಕಿಟಕಿಗಳನ್ನು ಸಾಕುತ್ತಿದ್ದುದು ಸಿಎಸ್‌ಆರ್‌ಎಸ್‌ಎಸ್ ಎಂಬ ಪ್ರಕ್ರಿಯೆ, ಎಂದರೆ ವಿಂಡೋಸ್ ತನ್ನ ಕೆಲಸಕ್ಕಾಗಿ ತಾನೇ ಓಡಿಸುವ ಒಂದು ಪ್ರೋಗ್ರಾಮು. ಅದು ಕುಸಿದರೆ ಇಡೀ ಗಣಕವೇ ಕುಸಿಯುವುದರಿಂದ, ಹೊರಗಿನವರ ಡಿಎಲ್‌ಎಲ್‌ಗಳಿಗೆ ಅದರೊಳಗೆ ಪ್ರವೇಶವಿರಲಿಲ್ಲ. 2009ರಲ್ಲಿ ಬಂದ ವಿಂಡೋಸ್ 7 ಈ ಕೆಲಸವನ್ನು ಕಾನ್‌ಹೋಸ್ಟ್ ಎಂಬ ಸಾಮಾನ್ಯ ಪ್ರಕ್ರಿಯೆಗೆ ವಹಿಸಿತು. ಆದರೂ ಒಂದು ಹಳೆಯ ಸುಳ್ಳು ಹಾಗೆಯೇ ಉಳಿಯಿತು: ಈ ಕಿಟಕಿ ಯಾರದೆಂದು ಕೇಳಿದರೆ, ವಿಂಡೋಸ್ ಕಾನ್‌ಹೋಸ್ಟ್‌ನ ಹೆಸರು ಹೇಳದೆ, ಒಳಗೆ ಓಡುವ ಪ್ರೋಗ್ರಾಮಿನ ಹೆಸರನ್ನೇ ಹೇಳುತ್ತದೆ. ಮನೆ ಒಬ್ಬರದು, ಬಾಗಿಲ ಮೇಲಿನ ನಾಮಫಲಕ ಬಾಡಿಗೆದಾರನದು. ಫಲಕವನ್ನು ನಂಬಿ ಹಾಕಿದ ಹುಕ್, ಸಂದೇಶಗಳು ಎಂದೂ ಸುಳಿಯದ ಜಾಗದಲ್ಲಿ ಕಾಯುತ್ತಾ ಕೂರುತ್ತದೆ. ಹಳೆಯ ತಂತ್ರಾಂಶಗಳು ಕೆಡದಿರಲೆಂದು ಹೇಳಿದ ಸುಳ್ಳು ಇದೆಂದು ನನಗನ್ನಿಸುತ್ತದೆ, ಆದರೆ ಹೊಸಬರಿಗೆ ಅದರಿಂದಾದ ತೊಂದರೆ ಸಣ್ಣದಲ್ಲ.

ಪ್ರೋಗ್ರಾಮಿಗೆ ತನ್ನದೇ ಕಿಟಕಿಯ ಮೇಲೂ ಹಿಡಿತ ಅಷ್ಟಕ್ಕಷ್ಟೇ. ಬಳಕೆದಾರರು ಮೂಲೆಯ ಗುಣಿಸು ಗುರುತನ್ನು ಒತ್ತಿದರೆ ಮುಚ್ಚುವ ಸಂದೇಶ ಹೋಗುವುದು ಕಾನ್‌ಹೋಸ್ಟ್‌ಗೆ. ಪ್ರೋಗ್ರಾಮಿಗೆ ತಲುಪುವುದು ನಿಯಂತ್ರಣ ಸೂಚನೆ ಎಂಬ ಬೇರೆಯೇ ಬಗೆಯ ಕರೆ. ಅದನ್ನು ಕೇಳಿಸಿಕೊಳ್ಳಲು ಮೊದಲೇ ನೋಂದಾಯಿಸಿಕೊಂಡಿದ್ದರೆ ಗಂಟುಮೂಟೆ ಕಟ್ಟಲು ಸಾಮಾನ್ಯವಾಗಿ 5 ಸೆಕೆಂಡು ಸಿಗುತ್ತದೆ. ಮುಚ್ಚಲಾರೆ ಎಂದು ಹಟ ಹಿಡಿಯುವ ಅವಕಾಶವಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಆದರೆ ಅದು ತಡೆಯುವ ದಾರಿಯಲ್ಲ, ಗಮನಿಸುವ ದಾರಿ. ಅಂಗವಿಕಲರಿಗೆ ನೆರವಾಗುವ ತಂತ್ರಾಂಶಗಳಿಗಾಗಿ ರೂಪಿಸಿದ ಘಟನಾ ಹುಕ್ ಎಂಬ ಇನ್ನೊಂದು ವ್ಯವಸ್ಥೆ ಯಾರ ಒಳಗೂ ಡಿಎಲ್‌ಎಲ್ ತುರುಕದೆ, ಕಿಟಕಿ ಸರಿದದ್ದನ್ನೂ ಕಿರಿದಾದದ್ದನ್ನೂ ಕಪ್ಪು ಕಿಟಕಿಯಲ್ಲಿ ಅಕ್ಷರ ಬದಲಾದದ್ದನ್ನೂ ತಿಳಿಸುತ್ತದೆ. ದೃಷ್ಟಿಹೀನರು ಬಳಸುವ ಎನ್‌ವಿಡಿಎ ಎಂಬ ಪರದೆ ಓದುಗ ಇದೇ ಸೂಚನೆಗಳನ್ನು ಬಳಸಿಕೊಂಡಿದೆ. ಸುದ್ದಿ ಬರುವುದು ಘಟನೆ ನಡೆದ ಮೇಲೆ, ಆದ್ದರಿಂದ ಅದನ್ನು ನಿಲ್ಲಿಸಲಾಗದು. ನಮ್ಮ ಮೂಲೆ ಸೇರಿಸುವ ತಂತ್ರಾಂಶಕ್ಕೆ ಅಷ್ಟು ಸಾಕು: ಕಿರಿದಾದ ಸುದ್ದಿ ಸಿಕ್ಕ ಕೂಡಲೇ ಕಿಟಕಿಯನ್ನು ಅಡಗಿಸಿದರಾಯಿತು.

ಈ ಕಪ್ಪು ಕಿಟಕಿಗೆ ಕನ್ಸೋಲ್ ಎಂದೂ ಹೆಸರು. 2018ರಲ್ಲಿ ವಿಂಡೋಸ್ 10ಕ್ಕೆ ಹುಸಿ ಕನ್ಸೋಲ್ ಎಂಬ ಏರ್ಪಾಡು ಬಂದ ಮೇಲೆ ಆಟದ ನಿಯಮವೇ ಬದಲಾಯಿತು. ಈಗ ಕಾನ್‌ಹೋಸ್ಟ್ ತೆರೆಯ ಹಿಂದೆ ಉಳಿದು, ವಿಂಡೋಸ್ ಟರ್ಮಿನಲ್‌ನಂಥ ಬೇರೊಂದು ತಂತ್ರಾಂಶ ಅಕ್ಷರಗಳನ್ನು ಬಿಡಿಸಬಹುದು. ಪ್ರೋಗ್ರಾಮಿನ ಬರಹವನ್ನು ಓದಬೇಕೆನ್ನುವವರು ಕಿಟಕಿಯ ಬೆನ್ನು ಹತ್ತದೆ, ತಾವೇ ಒಂದು ಹುಸಿ ಕನ್ಸೋಲ್ ರಚಿಸಿ ಅದರೊಳಗೆ ಪ್ರೋಗ್ರಾಮನ್ನು ಓಡಿಸಿದರೆ, ಒಳಬರುವ ಹೊರಹೋಗುವ ಅಕ್ಷರಗಳೆಲ್ಲ ಅವರ ಕೈಯ ಮೂಲಕವೇ ಹರಿಯುತ್ತವೆ. ಇಂಥ ಕಡೆ, ನನ್ನ ಕನ್ಸೋಲ್ ಕಿಟಕಿ ಯಾವುದೆಂದು ಪ್ರೋಗ್ರಾಮು ವಿಂಡೋಸ್ ಅನ್ನು ಕೇಳಿದರೆ ಈಗಲೂ ಒಂದು ಗುರುತು ಸಂಖ್ಯೆ ಸಿಗುತ್ತದೆ. ಅದು ಪರದೆಯ ಮೇಲೆ ಕಾಣಿಸದ ಒಂದು ಕಿಟಕಿಯದು. ನಮಸ್ಕಾರ.