ಕಿಲೋ ದ್ರಾಕ್ಷಿಗೆ ಕಿಲೋ ಸಕ್ಕರೆ ಬೇಡ

ನಮಸ್ಕಾರ. ಕುಂಬಳೆಯಿಂದ ಮಾತನಾಡುತ್ತಿದ್ದೇನೆ. ಮನೆಯಲ್ಲಿ ಮಾಡುವ ದ್ರಾಕ್ಷಿ ವೈನಿನ ಬಗ್ಗೆ ಕಳೆದ ಸಂಚಿಕೆಗೆ ಬಂದ ಒಂದು ಕಮೆಂಟಿಗೆ ಅಲ್ಲಿಯೇ ಎರಡು ಸಾಲಿನ ಉತ್ತರ ಬರೆದು ಸುಮ್ಮನಿರಬಹುದಿತ್ತು. ಆದರೆ ಕ್ರಿಸ್‌ಮಸ್ ಹತ್ತಿರ ಬಂದಾಗಲೆಲ್ಲ ಯಾರಾದರೊಬ್ಬರು ಅದೇ ಮಾತನ್ನು ಹೇಳುವುದರಿಂದ ಇಂದಿನ ಇಡೀ ಸಂಚಿಕೆಯನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರು ಮಂಜೇಶ್ವರದ ಕಡೆಯವರು, ಈಗ ಆಸ್ಟ್ರೇಲಿಯಾದಲ್ಲಿ ನೆಲೆಸಿದವರು. "ನಮ್ಮ ಅಮ್ಮ ಕಿಲೋ ದ್ರಾಕ್ಷಿಗೆ ಕಿಲೋ ಸಕ್ಕರೆ ಹಾಕುತ್ತಿದ್ದರು, ನೀವು ಸಕ್ಕರೆಯಲ್ಲಿ ಜಿಪುಣತನ ಮಾಡಬೇಡಿ ಸರ್" ಎಂದಿದ್ದಾರೆ. ಅವರ ಅಮ್ಮನ ಮೇಲೆ ನನಗೆ ಗೌರವವಿದೆ. ಆ ಅಳತೆಯ ಮೇಲೆ ಇಲ್ಲ.

ಮೊದಲಿಗೆ ಕಾನೂನಿನ ಮಾತು. ಸ್ವಂತ ಬಳಕೆಗಾಗಿ ಮನೆಯಲ್ಲಿ ವೈನ್ ಮಾಡಿಕೊಳ್ಳುವುದಕ್ಕೆ ಆಸ್ಟ್ರೇಲಿಯಾದಲ್ಲಿ ಅಡ್ಡಿಯಿಲ್ಲ. ನಮ್ಮ ಕೇರಳದಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಅದು ಅಬಕಾರಿ ಕಾಯ್ದೆಯಡಿ ಅಪರಾಧ. 2019ರ ಡಿಸೆಂಬರಿನಲ್ಲಿ ಅಬಕಾರಿ ಇಲಾಖೆ ಇದನ್ನು ಎಲ್ಲರಿಗೂ ಮತ್ತೆ ನೆನಪಿಸಿತ್ತು. ಆದ್ದರಿಂದ ಊರಿನಲ್ಲಿರುವವರು ಇದನ್ನು ತಿಳಿವಳಿಕೆಗಾಗಿ ಕೇಳಿ, ಕಾನೂನು ಅನುಮತಿಸುವ ದೇಶಗಳಲ್ಲಿರುವ ನಿಮ್ಮ ಮಕ್ಕಳಿಗೆ ಕಳುಹಿಸಿಕೊಡಿ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಪೇಟೆಗೆ ಬರುವ ಬೀಜವಿರುವ ಕಪ್ಪು ದ್ರಾಕ್ಷಿ, ಅಂದರೆ ಬೆಂಗಳೂರು ನೀಲಿ, ಚೆನ್ನಾಗಿ ಹಣ್ಣಾಗಿದ್ದರೆ ಒಂದು ಕಿಲೋದಿಂದ ಸುಮಾರು 650 ಮಿಲಿ ರಸ ಸಿಗುತ್ತದೆ, ಆ ರಸದಲ್ಲಿಯೇ ನೂರು ಗ್ರಾಂಗಿಂತ ಸ್ವಲ್ಪ ಹೆಚ್ಚು ಸಕ್ಕರೆ ಇರುತ್ತದೆ. ಒಂದು ಲೀಟರ್ ರಸದಲ್ಲಿ ಶೇಕಡಾ ಒಂದು ಆಲ್ಕೋಹಾಲ್ ಹುಟ್ಟಬೇಕಾದರೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾಗುತ್ತದೆ. ವೈನಿಗೆ ಸಹಜವಾದ ಶೇಕಡಾ 12ಕ್ಕೆ ತಲುಪಲು ಲೀಟರಿಗೆ 205 ಗ್ರಾಂ ಸಾಕು. ದ್ರಾಕ್ಷಿ ತನ್ನಲ್ಲಿರುವುದನ್ನು ಕೊಟ್ಟ ಮೇಲೆ ಆ ಒಂದು ಕಿಲೋ ಹಣ್ಣಿಗೆ ನೀವು ಹೊರಗಿನಿಂದ ಸೇರಿಸಬೇಕಾದದ್ದು ಇಪ್ಪತ್ತೈದು, ಮೂವತ್ತು ಗ್ರಾಂ. ನೀವು ಹಾಕುತ್ತಿರುವುದು ಸಾವಿರ ಗ್ರಾಂ.

ಒಂದು ಲೀಟರ್ ನೀರು ಹೊಯ್ಯುತ್ತೇವಲ್ಲ ಎನ್ನುತ್ತೀರಿ. ಅದನ್ನೂ ಲೆಕ್ಕ ಹಾಕಿದ್ದೇನೆ. ದ್ರಾಕ್ಷಿಯ ರಸ, ಒಂದು ಲೀಟರ್ ನೀರು ಮತ್ತು ಕಿಲೋ ಸಕ್ಕರೆ ಕರಗಿ ಒಟ್ಟು ಎರಡೂಕಾಲು ಲೀಟರಿನಷ್ಟಾದರೂ ಲೀಟರಿಗೆ ಇನ್ನೂ ಐನೂರು ಗ್ರಾಂಗೆ ಹತ್ತಿರದ ಸಕ್ಕರೆ ನಿಲ್ಲುತ್ತದೆ. ಸಕ್ಕರೆಯನ್ನು ಆಲ್ಕೋಹಾಲ್ ಆಗಿಸುವ ಯೀಸ್ಟ್ ತನ್ನಿಂದಾದಷ್ಟನ್ನು ತಿಂದು ಸುಸ್ತಾಗಿ ನಿಂತ ಮೇಲೂ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಹಾಗೆಯೇ ಉಳಿಯುತ್ತದೆ. 200 ಮಿಲಿಯ ಒಂದು ಲೋಟದಲ್ಲಿ ಐವತ್ತು ಗ್ರಾಂಗಿಂತ ಮೇಲೆ. ಹಬ್ಬದ ದಿನ ನೆಂಟರ ಮನೆಯಲ್ಲಿ ಇಂಥ ಲೋಟವನ್ನು ಮೇಜಿನ ಮೇಲಿಟ್ಟು ಐದು ನಿಮಿಷ ಮಾತನಾಡಿ ಮತ್ತೆ ಎತ್ತಿ ನೋಡಿ: ಮೇಜಿನ ಪ್ಲಾಸ್ಟಿಕ್ ಹೊದಿಕೆ ಲೋಟದ ಜೊತೆಗೆ ಮೇಲೇಳುತ್ತದೆ. ದ್ರಾಕ್ಷಿಯ ಹುಳಿಯಾಗಲಿ, ಸಿಪ್ಪೆಯ ಒಗರಾಗಲಿ, ಬೆಂಗಳೂರು ನೀಲಿಗೇ ಮೀಸಲಾದ ಆ ಗಾಢ ಪರಿಮಳವಾಗಲಿ ನಾಲಿಗೆಗೆ ತಾಗುವುದೇ ಇಲ್ಲ. ಅದರ ಮೇಲೆ ಚೆಕ್ಕೆ, ಲವಂಗ, ಏಲಕ್ಕಿ ಬೇರೆ. ಹಣ್ಣು ಎಲ್ಲಿ ಹೋಯಿತು?

ಸಕ್ಕರೆ ಹೆಚ್ಚಿದ್ದರೆ ಚೆನ್ನಾಗಿ ಹುದುಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದೇ ಇಲ್ಲ, ಏಕೆಂದರೆ ನಡೆಯುವುದು ಅದರ ತದ್ವಿರುದ್ಧ. ಹಲಸಿನ ಹಣ್ಣಿನ ಬೆರಟಿ, ಅಂದರೆ ಬೆಲ್ಲ ಹಾಕಿ ಕಾಯಿಸಿ ಗಟ್ಟಿಮಾಡಿದ ತಿರುಳು, ಮಳೆಗಾಲ ಕಳೆದರೂ ಕೆಡದೆ ಉಳಿಯುವುದು ಅದರಲ್ಲಿರುವ ಬೆಲ್ಲದ ಬಲದಿಂದ. ಅಷ್ಟು ಸಿಹಿಯಲ್ಲಿ ಸೂಕ್ಷ್ಮಜೀವಿಯ ಒಡಲಿನ ನೀರೇ ಹೊರಗೆ ಸೆಳೆಯಲ್ಪಡುತ್ತದೆ. ಯೀಸ್ಟ್ ಕೂಡ ಒಂದು ಸೂಕ್ಷ್ಮಜೀವಿ. ಬೆರಟಿ ಕೆಡದಿರಲು ಯಾವ ಕಾರಣವೋ ಅದೇ ಕಾರಣದಿಂದ ನಿಮ್ಮ ಭರಣಿಯಲ್ಲಿ ಯೀಸ್ಟ್ ಕೆಲಸ ಮಾಡಲಾರದೆ ಒದ್ದಾಡುತ್ತದೆ.

ಸರಿಯಾದ ಅಳತೆಯ ಭರಣಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೆಲ್ಬರ್ನಿನಲ್ಲಿ ಮಗಳ ಅಡುಗೆಮನೆಯಲ್ಲಿ ನಾನು ಕಂಡದ್ದು ಹೀಗೆ: ಎರಡನೆಯ ದಿನಕ್ಕೇ ಸಿಪ್ಪೆಗಳೆಲ್ಲ ಮೇಲೆದ್ದು ದಪ್ಪ ಪದರವಾಗಿ ನಿಂತಿದ್ದವು, ಮರದ ಸೌಟಿನಿಂದ ಆ ಪದರವನ್ನು ಮೆಲ್ಲಗೆ ಕೆಳಗೊತ್ತಿದಾಗ ಅಂಚಿನಲ್ಲಿ ನೇರಳೆ ಬಣ್ಣದ ನೊರೆ ಸುಯ್ಯೆಂದು ಉಕ್ಕಿತು, ಸಿಪ್ಪೆ ತನ್ನ ಬಣ್ಣವನ್ನು ರಸಕ್ಕೆ ಬಿಟ್ಟುಕೊಡುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು. ಬಣ್ಣಕ್ಕಾಗಿ ಸಕ್ಕರೆಯನ್ನು ಕಂದು ಬಣ್ಣ ಬರುವಷ್ಟು ಹುರಿದು ಹಾಕುವವರು ದಯವಿಟ್ಟು ಇದನ್ನು ಗಮನಿಸಬೇಕು. ಬಣ್ಣ ಸಿಪ್ಪೆಯಲ್ಲಿಯೇ ಇದೆ.

ಸಕ್ಕರೆ ಕಡಿಮೆಯಾದರೆ ಕೆಡುತ್ತದೆ ಎನ್ನುವವರಿಗೆ ಹೇಳುತ್ತೇನೆ. ವೈನನ್ನು ಕಾಯುವುದು ಆಲ್ಕೋಹಾಲ್, ಹುಳಿ ಮತ್ತು ಗಾಳಿ ಸೋಕದ ಪಾತ್ರೆ. ನೊರೆ ಇಳಿದು, ಸಿಪ್ಪೆ ಸೋಸಿ ತೆಗೆದ ಮೇಲೂ ದಿನಕ್ಕೊಮ್ಮೆ ಮುಚ್ಚಳ ತೆಗೆದು ಕಲಕುತ್ತಾ ಕುಳಿತರೆ ಗಾಳಿಯಲ್ಲಿ ಬದುಕುವ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅದನ್ನು ವಿನೆಗರ್ ಮಾಡುತ್ತದೆ. ಆ ಘಟ್ಟದಲ್ಲಿ ಪಾತ್ರೆಯನ್ನು ಕಂಠದವರೆಗೆ ತುಂಬಿಸಿ, ಒಳಗಿನ ಅನಿಲ ಹೊರಗೆ ಹೋಗುವ, ಹೊರಗಿನ ಗಾಳಿ ಒಳಗೆ ಬಾರದ ಏರ್‌ಲಾಕ್ ಹಾಕಿ. ಹುದುಗುತ್ತಿರುವುದನ್ನು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಲೇಬೇಡಿ. ಒತ್ತಡಕ್ಕೆ ಬಾಟಲಿ ಒಡೆಯುತ್ತದೆ. ಕೆಡುವುದಕ್ಕೆ ಕಾರಣ ಗಾಳಿ, ನೀವು ಸುರಿಯುವುದು ಸಕ್ಕರೆ!

ಹುಳಿ ಜಾಸ್ತಿ ಎನ್ನುತ್ತೀರಾದರೆ ಕೆಲವು ದಿನ ಫ್ರಿಜ್ಜಿನಲ್ಲಿಡಿ. ಟಾರ್ಟಾರಿಕ್ ಆಮ್ಲದ ಒಂದಂಶ ಹರಳುಗಟ್ಟಿ ತಳಕ್ಕೆ ಕೂರುತ್ತದೆ. ಸಿಹಿಯೇ ಬೇಕೆನ್ನುವವರು ಕುಡಿಯುವ ಹೊತ್ತಿನಲ್ಲಿ ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. ಭರಣಿಯಲ್ಲಿ ಬೇಡ.

ಇನ್ನು ಸಂಪ್ರದಾಯ. ಕ್ರಿಸ್‌ಮಸ್ ವೈನ್ ಇರುವುದೇ ಹೀಗೆ ಎಂದು ವಾದಿಸುವವರು ಬೇಳದ ಇಗರ್ಜಿಯಲ್ಲಿಯೋ ಮಂಜೇಶ್ವರದಲ್ಲಿಯೋ ಬಲಿಪೂಜೆಗೆ ಬಳಸುವ ವೈನನ್ನು ನೆನಪಿಸಿಕೊಳ್ಳಲಿ. ಅದು ದ್ರಾಕ್ಷಿಯ ಹಣ್ಣಿನಿಂದಲೇ ಆದ, ಸಹಜವಾದ, ಕೆಡದ ವೈನ್ ಆಗಿರಬೇಕೆಂದು ಕಥೋಲಿಕ ಧರ್ಮಸಭೆಯ ಕಾನೂನಿನ 924ನೆಯ ವಿಧಿ ಹೇಳುತ್ತದೆ. ಸಂಪ್ರದಾಯ ಬೇಕಾದರೆ ಅದಕ್ಕಿಂತ ಹಳೆಯದು ಯಾವುದಿದೆ?

ಸಕ್ಕರೆ ಕಡಿಮೆ ಮಾಡಿ. ನೀರು ಹಾಕದಿದ್ದರೆ ಕಿಲೋಗೆ ಮೂವತ್ತು ಗ್ರಾಂ, ರಸದಷ್ಟೇ ನೀರು ಹಾಕಿದರೆ ನೂರೈವತ್ತರಿಂದ ನೂರೆಪ್ಪತ್ತೈದು ಗ್ರಾಂ. ಹೈಡ್ರೋಮೀಟರ್ ಇಟ್ಟುಕೊಂಡು ರಸದ ಸಾಂದ್ರತೆ ನೋಡುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ತೋರಿಸಲಿದ್ದೇನೆ; ಚಾನೆಲನ್ನು ಇನ್ನೂ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ, ಕಾಸರಗೋಡಿನ ಕನ್ನಡದಲ್ಲಿ ಇಂಥ ವಿಷಯ ಮಾತನಾಡುವ ಚಾನೆಲುಗಳು ಹೆಚ್ಚಿಲ್ಲ. ಸಕ್ಕರೆ ಕಡಿಮೆ ಮಾಡಿ ಎಂದು ಮುಂದಿನ ವರ್ಷವೂ ಹೇಳುತ್ತೇನೆ, ಅದರಾಚೆಯ ವರ್ಷವೂ ಹೇಳುತ್ತೇನೆ. ಕಮೆಂಟ್ ಬರೆದ ಮಂಜೇಶ್ವರದ ಸಹೋದರರೇ, ಈ ಸಲ ಎರಡು ಪಾತ್ರೆ ಇಡಿ, ಒಂದರಲ್ಲಿ ಅಮ್ಮನ ಅಳತೆ, ಇನ್ನೊಂದರಲ್ಲಿ ನನ್ನ ಅಳತೆ. ಎರಡನ್ನೂ ಕುಡಿದು ನೋಡಿ, ಯಾವುದರಲ್ಲಿ ದ್ರಾಕ್ಷಿ ಸಿಕ್ಕಿತು ಎಂದು ಇದೇ ಸಂಚಿಕೆಯ ಕೆಳಗೆ ಬರೆಯಿರಿ.