ನೀರು ನೋಡಿದ್ದು ಸಾಕು, ಕಲ್ಲು ಮಗುಚಿ ನೋಡಿ

ಚಿಕ್ಕಮಗಳೂರಲ್ಲಿ ನಿಂತು ಹೊಳೆ ಕೆಂಪಾಗಿದೆ ಅಂದರೆ ಯಾರೂ ಬೆಚ್ಚುವುದಿಲ್ಲ. ಆಷಾಢದ ಹೇಮಾವತಿ ಕೆಂಪಗೇ ಹರಿಯುವುದು. ಆ ಹೊಸ ನೀರಿಗೇ ಹತ್ತುಮೀನು ಹಳ್ಳ ಏರುವುದು. ನನ್ನ ತಕರಾರು ಜನವರಿಯ ಕೆಂಪು ನೀರಿನ ಮೇಲೆ. ಮಳೆಯಿಲ್ಲದ ತಿಂಗಳಲ್ಲಿ ಯಗಚಿ ಬಗ್ಗಡವಾಯಿತೆಂದರೆ, ಮೇಲೆಲ್ಲೋ ಜೆಸಿಬಿ ಇಳಿದಿದೆ, ಇಲ್ಲವೇ ಮರಳು ಎತ್ತುತ್ತಿದ್ದಾರೆ.

ಮಳೆಗಾಲದ ಸೆಳವು ಮಣ್ಣನ್ನು ಹೊತ್ತೊಯ್ಯುತ್ತದೆ, ಬೇಸಿಗೆಯ ನೀರಿಗೆ ಆ ತ್ರಾಣವಿಲ್ಲ. ನಿಂತ ನೀರಲ್ಲಿ 0.06 ಮಿ.ಮೀ. ಗಾತ್ರದ ಕಣ ಒಂದು ಮೀಟರ್ ಇಳಿಯಲು ಐದಾರು ನಿಮಿಷ ಸಾಕು. 0.002 ಮಿ.ಮೀ. ಜೇಡಿ ಕಣಕ್ಕೆ ಮೂರು ದಿನವಾದರೂ ಬೇಕು. ಮೊದಲನೆಯದು ಜಲ್ಲಿಯ ಸಂದು ತುಂಬುತ್ತದೆ, ಎರಡನೆಯದು ಬಿಸಿಲು ತಡೆಯುತ್ತದೆ.

ಈಗ ಕಲ್ಲಿಗೆ ಬನ್ನಿ. ಅಂಗೈಯಗಲದ್ದು ಸಾಕು. ಮೇಲ್ಗಡೆ ಕಾಲು ಜಾರಿಸುವ ಲೋಳೆಪಾಚಿಯೇ ಹೊಳೆಯ ಗದ್ದೆ. ಅದನ್ನು ಮೇಯುವ, ಮೇಫ್ಲೈ ಎಂಬ ಕೀಟದ ಮರಿಗೆ ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರು. ಕೆಳಗಿನ ಸಂದಿನಲ್ಲಿ ಕ್ಯಾಡಿಸ್ ಹುಳು ಹರಿವಿಗೆ ಎದುರಾಗಿ ಬಲೆ ನೇಯ್ದು, ತೇಲಿಬಂದದ್ದನ್ನು ತಿನ್ನುತ್ತದೆ. ಬಗ್ಗಡ ಬಂದರೆ ಪಾಚಿಗೆ ಬೆಳಕಿಲ್ಲ, ಮೇಯುವವಕ್ಕೆ ಬಾಯಿತುಂಬ ಮಣ್ಣು, ಬಲೆಯಲ್ಲೂ ಮಣ್ಣು. ಹುಳುಗಳು ಕಲ್ಲು ಬಿಟ್ಟು ನೀರಿನೊಂದಿಗೆ ಹೋಗುತ್ತವೆ. ಅವುಗಳ ಜಾಗಕ್ಕೆ ಕೆಸರಲ್ಲಿ ಬಿಲ ತೋಡುವ ಕೆಂಪುಹುಳು ಬರುತ್ತವೆ. ಎಣಿಸಿದರೆ ತಲೆಗೇನೂ ಕೊರತೆಯಿಲ್ಲ, ಕೊರತೆ ಜಾತಿಗಳಿಗೆ! ಕೆಸರಲ್ಲಿ ಅಡಗಿದ ಆ ಹುಳು, ಹರಿವಲ್ಲಿ ತೇಲುವುದನ್ನು ಹೆಕ್ಕುವ ಮೀನಿಗೆ ಸಿಗುವುದೂ ಇಲ್ಲ. ಊಟವಿದ್ದೂ ಉಪವಾಸ.

ಕಣ್ಣಿಂದ ಬೇಟೆ ಹುಡುಕುವ ಮೀನು ಸೋಲುತ್ತದೆ, ತಡಕಾಡುವ ಮೀಸೆಮೀನು ಗೆಲ್ಲುತ್ತದೆ. ಜಲ್ಲಿಯಲ್ಲಿಟ್ಟ ಮೊಟ್ಟೆಗೆ ಆಮ್ಲಜನಕ ತಲುಪುವುದಿಲ್ಲ. ಶೃಂಗೇರಿಯ ಮೀನುಗಳಿಗೆ ನಾವು ಪುರಿ ಹಾಕುತ್ತೇವೆ, ಸರಿ. ಹಳ್ಳದ ಮೀನಿಗೆ ಪುರಿ ಹಾಕುವವರಾರು?

ಎಷ್ಟು ಬಗ್ಗಡ ಎಂಬುದರಷ್ಟೇ ಎಷ್ಟು ದಿನ ಎಂಬುದೂ ಮುಖ್ಯ. ಒಂದು ಲೀಟರ್ ನೀರನ್ನು, ಮೊದಲೇ ತೂಗಿಟ್ಟ ಗ್ಲಾಸ್ ಫೈಬರ್ ಕಾಗದದಲ್ಲಿ ಸೋಸಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಮತ್ತೆ ತೂಗಿ. ಹೆಚ್ಚಿದ್ದೇ ತೇಲುಮಣ್ಣು. ಒಂದೇ ದಿನ ತೂಗಿ ವರದಿ ಬರೆಯಬೇಡಿ. ಜನವರಿಯಲ್ಲೂ ತೂಗಿ ಎಂದು ಮತ್ತೆ ಹೇಳುತ್ತೇನೆ.

ಮಾತು ಮುಗಿಸಿ ಎಂದು ಚೀಟಿ ಬಂತು, ಊಟಕ್ಕೆ ಹೊತ್ತಾಯಿತಂತೆ. ಕುದುರೆಮುಖದ ಗಣಿ, ಭದ್ರೆಯ ಹೂಳು ಇವತ್ತು ಬಿಟ್ಟೆ. ತೋಟದವರಿಗೆ ಎರಡೇ ಮಾತು. ಕಾಫಿ ಸಾಲಿನ ನಡುವೆ ನೀರು, ಮಣ್ಣು ತಡೆಯಲು ತೋಡುವ ತೊಟ್ಟಿಲು ಗುಂಡಿ ಇಳಿಜಾರಿಗೆ ಅಡ್ಡವಾಗಿರಲಿ, ಮಳೆಗೆ ಮುಂಚೆ ಅದರ ಮಣ್ಣೆತ್ತಿ ಗಿಡದ ಬುಡಕ್ಕೆ ಹಾಕಿ. ತುಂಬಿದ ಗುಂಡಿಯ ಮೇಲೆ ನೀರು ಹಾರಿ ಕೊರಕಲು ಬೀಳುತ್ತದೆ. ಶುಂಠಿ ಮಡಿಯೂ ಅಷ್ಟೇ, ಇಳಿಜಾರಿಗೆ ಅಡ್ಡ. ಇನ್ನು ಹಳ್ಳದ ದಡದ ವಾಟೆ, ಕೇದಗೆ ಸವರಬೇಡಿ. ಚೊಕ್ಕಟ ಕಾಣಲೆಂದು ಸವರಿದ ದಡವೇ ಮೊದಲ ಮಳೆಗೆ ಕುಸಿಯುವುದು.